'ಓಲ್ಡ್ ಕೂಟ್' ಮತ್ತು ನಾಮದ ಕೋಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಾದಂಬರಿ ಓದುವವರಿಗೂ ಅಮೆರಿಕದ ಸಿನಿಮಾ ನೋಡುವವರಿಗೂ 'ಓಲ್ಡ್ ಕೂಟ್' ಎಂಬ ಮಾತು ಒಮ್ಮೆಯಾದರೂ ಎದುರಾಗಿರುತ್ತದೆ. ಆ ಬೈಗುಳದಲ್ಲಿರುವ 'ಕೂಟ್' ಒಂದು ನೀರುಹಕ್ಕಿಯೆಂಬುದು ಕೆಲವರಿಗೆ ಗೊತ್ತು. ಅದೇ ಹಕ್ಕಿ ಬೆಂಗಳೂರು, ಮೈಸೂರುಗಳ ಕೆರೆಗಳಲ್ಲೂ ಈಜುತ್ತಿದೆ, ಅದಕ್ಕೆ ಕನ್ನಡದಲ್ಲಿ ನಾಮದ ಕೋಳಿ ಎಂಬ ಚೆಂದದ ಹೆಸರೂ ಇದೆ ಎಂಬುದು ಗೊತ್ತಿರುವವರು ಇನ್ನೂ ಕಡಿಮೆ. ಹಕ್ಕಿ ನೋಡುವವರೂ ಅನುವಾದ ಮಾಡುವವರೂ ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

'ಓಲ್ಡ್ ಕೂಟ್' ಎಂದರೆ ಎಂಥ ಮನುಷ್ಯ?

ವಯಸ್ಸಾದ, ತನ್ನದೇ ದಾರಿ ಹಿಡಿದ, ಬೇರೆಯವರ ಮಾತಿಗೆ ಸುಲಭವಾಗಿ ಬಗ್ಗದ, ಸ್ವಲ್ಪ ಸಿಡುಕಿನ, ನೋಡುವವರಿಗೆ ವಿಚಿತ್ರವೆನಿಸುವ ಗಂಡಸು. ಬೀದಿಯ ಕೊನೆಯ ಮನೆಯಲ್ಲಿ ಒಬ್ಬನೇ ಇದ್ದು, ಕೆಟ್ಟುಹೋದ ರೇಡಿಯೊಗಳನ್ನೆಲ್ಲ ಅಟ್ಟದ ಮೇಲೆ ಪೇರಿಸಿಟ್ಟು, ಅಂಗಳಕ್ಕೆ ಚೆಂಡು ಬಿದ್ದರೆ ಹುಡುಗರನ್ನು ಗದರಿಸಿ, ಅದೇ ಹುಡುಗರ ಸೈಕಲ್ಲಿನ ಸರಪಳಿ ಕಳಚಿದರೆ ಕರೆದು ಸರಿಮಾಡಿಕೊಡುವ ಅಜ್ಜನೊಬ್ಬನನ್ನು ನೆನೆಸಿಕೊಳ್ಳಿ. ಅಮೆರಿಕದ ನೆರೆಹೊರೆಯವರು ಅವನನ್ನು ಈ ಹೆಸರಿನಿಂದ ಕರೆಯುತ್ತಾರೆ. ಆ ಮಾತಿನಲ್ಲಿ ತಾತ್ಸಾರವೂ ಇರಬಹುದು, ಸಲಿಗೆಯೂ ಇರಬಹುದು. ಯಾವುದು ಎಷ್ಟಿದೆ ಎಂಬುದನ್ನು ಹೇಳುವವರ ದನಿಯಿಂದಲೇ ಅಳೆಯಬೇಕಾಗುತ್ತದೆ. 'ಓಲ್ಡ್' ಎಂಬ ವಿಶೇಷಣವಿಲ್ಲದೆ ಬರಿಯ 'ಕೂಟ್' ಎಂದರೆ ಹೆಚ್ಚಾಗಿ ಪೆದ್ದ ಎಂದೇ ಅರ್ಥ, ವಯಸ್ಸಿನ ಸೂಚನೆ ಅದರಲ್ಲಿಲ್ಲ. ಹೆಂಗಸರಿಗೆ ಈ ಪದವನ್ನು ಬಳಸುವುದು ತೀರ ಅಪರೂಪ. ಅವರಿಗೆ ಇಂಗ್ಲಿಷಿನಲ್ಲಿ ಬಾವಲಿಯ ಹೆಸರು ಮೀಸಲಾಗಿದೆ, ಮತ್ತು ಆ ಮಾತು ಇದಕ್ಕಿಂತ ಕಹಿಯಾದದ್ದು.

ಆ ಹಕ್ಕಿ ಯಾವುದು? ನಾವು ಅದನ್ನು ನೋಡಿದ್ದೇವೆಯೇ?

ಕೆರೆಯ ದಂಡೆಯ ಮೇಲೆ ಹತ್ತು ನಿಮಿಷ ನಿಂತಿದ್ದರೆ ಬಹುಶಃ ನೋಡಿಯೇ ಇರುತ್ತೀರಿ, ಬಾತುಕೋಳಿ ಎಂದುಕೊಂಡು ಮುಂದೆ ಹೋಗಿರುತ್ತೀರಿ. ಮೈಯೆಲ್ಲ ಮಸಿಬಣ್ಣ, ಕಣ್ಣು ಕೆಂಪು, ಕೊಕ್ಕು ಬಿಳುಪು; ಆ ಕೊಕ್ಕಿನ ಬುಡದಿಂದ ಹಣೆಯ ಮೇಲಕ್ಕೆ ಏರಿರುವ ಬೆಳ್ಳನೆಯ ಗುರಾಣಿಯಂಥ ಒಂದು ತಟ್ಟೆ. ಉದ್ದ ಸುಮಾರು 36ರಿಂದ 42 ಸೆಂಟಿಮೀಟರ್, ಅಂದರೆ ಸಣ್ಣ ನಾಟಿಕೋಳಿಯಷ್ಟು. 1758ರಲ್ಲಿ ಲಿನೇಯಸ್ ಇದಕ್ಕೆ ಫುಲಿಕಾ ಆಟ್ರಾ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಫುಲಿಕಾ ಎಂದರೆ ಇದೇ ಹಕ್ಕಿ, ಆಟ್ರಾ ಎಂದರೆ ಕಪ್ಪು. ನೀರಿನ ಮೇಲೆ ಬಾತುಗಳ ನಡುವೆ ಇದ್ದರೂ ಇದು ಬಾತುಗಳ ಕುಲಕ್ಕೆ ಸೇರಿದ್ದಲ್ಲ. ಜೊಂಡಿನ ಮರೆಯಲ್ಲಿ ಓಡಾಡುವ ನೀರುಕೋಳಿಗಳ ಕುಟುಂಬದ್ದು. ಕಾಲನ್ನು ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಬಾತುಗಳ ಬೆರಳುಗಳ ನಡುವೆ ಇರುವ ಹಾಗೆ ಒಂದೇ ಚರ್ಮದ ಪೊರೆ ಇದಕ್ಕಿಲ್ಲ. ಬದಲಿಗೆ ಬೆರಳಿನ ಒಂದೊಂದು ಗೆಣ್ಣಿಗೂ ಒಂದೊಂದು ಎಲೆಯಂತೆ ಅಗಲವಾದ ಚರ್ಮದ ಹಾಳೆಗಳಿವೆ. ಕಾಲನ್ನು ಹಿಂದಕ್ಕೆ ತಳ್ಳುವಾಗ ಅವು ಬಿಚ್ಚಿಕೊಂಡು ಹುಟ್ಟಿನಂತೆ ಕೆಲಸ ಮಾಡುತ್ತವೆ, ಮುಂದಕ್ಕೆ ಎಳೆದುಕೊಳ್ಳುವಾಗ ಮಡಚಿಕೊಳ್ಳುತ್ತವೆ. ಇದರಿಂದ ಈಜುವುದಕ್ಕೂ ಕೆಸರಿನ ಮೇಲೆ ನಡೆಯುವುದಕ್ಕೂ ಒಂದೇ ಕಾಲು ಒದಗುತ್ತದೆ.

ಯುರೋಪಿನಿಂದ ಏಷ್ಯಾದುದ್ದಕ್ಕೂ ಆಸ್ಟ್ರೇಲಿಯದವರೆಗೆ ಹರಡಿರುವುದು ಈ ಜಾತಿ. ಅಮೆರಿಕದಲ್ಲಿರುವುದು ಇದರ ಹತ್ತಿರದ ದಾಯಾದಿಯಾದ ಫುಲಿಕಾ ಅಮೆರಿಕಾನಾ. ಅಲ್ಲಿನ ಹಳ್ಳಿಯವರು ಅದನ್ನು 'ಕೆಸರು ಕೋಳಿ' ಎಂಬರ್ಥದ ಹೆಸರಿನಿಂದಲೂ ಕರೆಯುತ್ತಾರೆ.

ಹಕ್ಕಿಯ ಹೆಸರು ಮೊದಲೋ, ಮನುಷ್ಯನ ಹೆಸರು ಮೊದಲೋ?

ಹಕ್ಕಿಯದೇ ಮೊದಲು. ಸುಮಾರು 1300ರ ಹೊತ್ತಿಗೇ ಈ ಪದ ಇಂಗ್ಲಿಷ್ ಬರಹದಲ್ಲಿದೆ. ಆಗ ಅದು ಮುಳುಗಿ ಏಳುವ ಹಲವು ನೀರುಹಕ್ಕಿಗಳಿಗೆ ಸಲ್ಲುತ್ತಿದ್ದ ಸಾಮಾನ್ಯ ಹೆಸರಾಗಿತ್ತು. ಈ ಒಂದು ಕುಲಕ್ಕೆ ಅದು ನಿಂತದ್ದು ಆಮೇಲೆ. ಡಚ್ ಭಾಷೆಯಲ್ಲಿ ಇಂದಿಗೂ ಇದನ್ನು 'ಮೇರ್‌ಕೂಟ್' ಎನ್ನುತ್ತಾರೆ. 'ಮೇರ್' ಎಂದರೆ ಸರೋವರ. ಪೆದ್ದ ಮನುಷ್ಯ ಎಂಬ ಅರ್ಥದಲ್ಲಿ ಕೂಟ್ ಪದ ಬರಹದಲ್ಲಿ ಕಾಣಿಸುವುದು 1766ರಿಂದ. ಅಂದರೆ ನಾಲ್ಕೂವರೆ ಶತಮಾನಗಳ ಕಾಲ ಹಕ್ಕಿಯ ಹೆಸರಾಗಿದ್ದ ಮೇಲೆ ಅದು ಮನುಷ್ಯನ ತಲೆಗೆ ಬಂದು ಕೂತಿತು. ವಯಸ್ಸಾದ ತಿಕ್ಕಲು ಮನುಷ್ಯ ಎಂಬ ಇಂದಿನ ಬಳಕೆ ಬೆಳೆದು ಗಟ್ಟಿಯಾದದ್ದು ಮುಖ್ಯವಾಗಿ ಅಮೆರಿಕದ ಆಡುಮಾತಿನಲ್ಲಿ; ಆಸ್ಟ್ರೇಲಿಯದವರೂ ಅದನ್ನು ಧಾರಾಳವಾಗಿ ಬಳಸುತ್ತಾರೆ.

'ಕೂಟ್‌ನಷ್ಟು ಬೋಳು' ಎಂಬ ಇಂಗ್ಲಿಷ್ ಮಾತು ಎಲ್ಲಿಂದ ಬಂತು? ಹಕ್ಕಿಯ ತಲೆಯ ಮೇಲೆ ಗರಿಗಳಿವೆಯಲ್ಲ?

ಈ ಪ್ರಶ್ನೆಯನ್ನು ಕೇಳುವವರು ಹಕ್ಕಿಯನ್ನು ಸರಿಯಾಗಿ ನೋಡಿದವರು. ಹಣೆಯ ತಟ್ಟೆಯನ್ನು ಬಿಟ್ಟರೆ ಬೆಳೆದ ನಾಮದ ಕೋಳಿಯ ತಲೆಯ ತುಂಬ ಒತ್ತಾದ ಕಪ್ಪು ಗರಿಗಳಿವೆ. ಅದನ್ನು ಬೋಳುತಲೆ ಎನ್ನುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಆದರೂ ಈ ಹೋಲಿಕೆ ಬಹಳ ಹಳೆಯದು. 15ನೇ ಶತಮಾನದ ಮೊದಲ ಭಾಗದಲ್ಲಿ ಟ್ರಾಯ್ ಪಟ್ಟಣದ ಕಥೆಯನ್ನು ಇಂಗ್ಲಿಷ್ ಪದ್ಯದಲ್ಲಿ ಹೇಳಿದ ಜಾನ್ ಲಿಡ್‌ಗೇಟ್ ಎಂಬ ಕವಿ ಒಬ್ಬನನ್ನು ಕೂಟ್‌ನಷ್ಟು ಬೋಳಾಗಿದ್ದವನೆಂದು ವರ್ಣಿಸಿದ್ದಾನೆ. ಪೆದ್ದುತನದ ಅರ್ಥಕ್ಕಿಂತ ಬೋಳುತನದ ಹೋಲಿಕೆ ಮುನ್ನೂರು ವರ್ಷಕ್ಕೂ ಹಿರಿಯದು ಎಂಬುದನ್ನು ಇಲ್ಲಿ ಗಮನಿಸಬೇಕು.

ಒಗಟು ಬಿಡಿಸುವ ಕೀಲಿ 'ಬಾಲ್ಡ್' ಎಂಬ ಪದದೊಳಗೇ ಇದೆ. ಇಂದು ಅದಕ್ಕೆ ಕೂದಲಿಲ್ಲದ ಎಂಬ ಒಂದೇ ಅರ್ಥ ಉಳಿದಿದೆ. ಹಿಂದೆ ಪ್ರಾಣಿಗಳ ವಿಷಯದಲ್ಲಿ ಅದು ಬಿಳಿಯ ಮಚ್ಚೆಯುಳ್ಳ ಎಂಬ ಅರ್ಥವನ್ನೂ ಕೊಡುತ್ತಿತ್ತು. ಕಪ್ಪು ಬಿಳುಪು ಬೆರೆತ ಕುದುರೆಯನ್ನು ಇಂಗ್ಲಿಷಿನಲ್ಲಿ 'ಪೈಬಾಲ್ಡ್' ಎನ್ನುತ್ತಾರೆ, ಅದಕ್ಕೆ ಮೈತುಂಬ ಕೂದಲಿರುತ್ತದೆ. ಅಮೆರಿಕದ ರಾಷ್ಟ್ರಲಾಂಛನದಲ್ಲಿರುವ 'ಬಾಲ್ಡ್ ಈಗಲ್' ಹದ್ದಿನ ತಲೆಯೂ ಬೋಳಲ್ಲ, ಬೆಳ್ಳನೆಯ ಗರಿಗಳಿಂದ ತುಂಬಿದೆ. ಕೂಟ್ ಹಕ್ಕಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಪದದ ಹಳೆಯ ಅರ್ಥ ಮರೆತುಹೋದ ಮೇಲೆ ಬಿಳಿ ಹಣೆಯ ಹಕ್ಕಿ ಬೋಳು ಹಣೆಯ ಹಕ್ಕಿಯಾಯಿತು; ಬೋಳುತಲೆಯ ಗಂಡಸಿನೊಂದಿಗೆ ಅದರ ನಂಟು ಬಿಗಿಯಾಯಿತು. ಬೋಳುತಲೆಯಿಂದ ಮುಪ್ಪಿಗೆ, ಮುಪ್ಪಿನಿಂದ ತಿಕ್ಕಲುತನಕ್ಕೆ ಇರುವುದು ಒಂದೊಂದೇ ಹೆಜ್ಜೆ. 'ಓಲ್ಡ್ ಕೂಟ್' ಮುದುಕನಿಗೇ ಅಂಟಿಕೊಂಡಿರುವುದರಲ್ಲಿ ಈ ಬಿಳಿ ಹಣೆಯ ಪಾತ್ರವೂ ಇದೆ ಎಂದು ನಾನು ನಂಬುತ್ತೇನೆ.

ಹಾಗಾದರೆ ಕನ್ನಡದಲ್ಲಿ 'ನಾಮ' ಎಂದದ್ದೂ ಆ ಬಿಳಿ ಹಣೆಯನ್ನೇ ನೋಡಿಯೇ?

ಹೌದು, ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಒಂದೇ ಹಕ್ಕಿಯ ಒಂದೇ ಗುರುತನ್ನು ನೋಡಿ ಇಂಗ್ಲೆಂಡಿನವರ ಮಾತು ಬೋಳುತಲೆಯ ಕಡೆಗೆ ಸಾಗಿತು. ನಮ್ಮವರು ಹಣೆಯ ಮೇಲೆ ನಾಮವಿಟ್ಟುಕೊಂಡ ವೈಷ್ಣವ ಭಕ್ತನನ್ನು ಕಂಡರು. ಕಪ್ಪು ಮೈ, ಹಣೆಯ ನಡುವೆ ಮೇಲಕ್ಕೆ ಎಳೆದ ಬಿಳಿ ಗೀಟು: ನಾಮ ಎನ್ನದೆ ಬೇರೇನೆನ್ನಬೇಕು? ತಮಿಳರೂ ಇದನ್ನು ನಾಮಕ್ಕೋಳಿ ಎಂದೇ ಕರೆಯುತ್ತಾರೆ. ಜರ್ಮನ್ನರು ಕುದುರೆಯ ಹಣೆಯ ಬಿಳಿ ಪಟ್ಟೆಯನ್ನು ಹೇಳುವ ಪದವನ್ನೇ ಬಳಸಿ ಇದಕ್ಕೆ 'ಬ್ಲೆಸ್‌ಹೂನ್' ಎಂದು ಹೆಸರಿಟ್ಟಿದ್ದಾರೆ. ಸ್ವೀಡನ್ನಿನವರು ಮಾತ್ರ ಹಣೆಯನ್ನು ಬಿಟ್ಟು ಮೈಯನ್ನು ನೋಡಿ 'ಮಸಿ ಕೋಳಿ' ಎಂದಿದ್ದಾರೆ.

ಕನ್ನಡದ ಹೆಸರಿನಲ್ಲಿ ಹೀಯಾಳಿಕೆ ಇಲ್ಲ. 'ನಾಮ ಹಾಕುವುದು', 'ಪಂಗನಾಮ' ಎಂದು ಮೋಸಕ್ಕೆ ಸಂಬಂಧಿಸಿದ ನುಡಿಗಟ್ಟುಗಳು ನಮ್ಮಲ್ಲಿರುವುದು ನಿಜ. ಆದರೆ ಅವು ಮನುಷ್ಯರ ನಡುವಿನ ವ್ಯವಹಾರಕ್ಕೆ ಸೇರಿದವು. ನಾಮದ ಕೋಳಿ ಎಂಬ ಹೆಸರು ಕಣ್ಣಿಗೆ ಕಂಡ ರೂಪವನ್ನಷ್ಟೇ ಹೇಳುತ್ತದೆ.

ಪೆದ್ದುತನಕ್ಕೆ ಈ ಹಕ್ಕಿಯೇ ಏಕೆ ಸಿಕ್ಕಿಕೊಂಡಿತು?

ಅದರ ನಡೆಯನ್ನು ದೂರದಿಂದ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಈಜುವಾಗ ಪ್ರತಿ ತುಯ್ತಕ್ಕೂ ತಲೆಯನ್ನು ಹಿಂದೆ ಮುಂದೆ ಅಲ್ಲಾಡಿಸುತ್ತದೆ. ಹಾರಬೇಕಾದರೆ ಬಾತುಗಳ ಹಾಗೆ ಥಟ್ಟನೆ ಮೇಲೇಳಲಾರದು. ರೆಕ್ಕೆ ಬಡಿಯುತ್ತ, ನೀರಿನ ಮೇಲೆ ಚಟಪಟನೆ ಓಡುತ್ತ, ಬಹುದೂರ ಸಾಗಿದ ಮೇಲೆ ಒಲ್ಲದ ಮನಸ್ಸಿನಿಂದ ಎಂಬಂತೆ ಮೇಲೇಳುತ್ತದೆ, ಎಷ್ಟೋ ಸಲ ಏಳದೆಯೇ ಮತ್ತೆ ನೀರಿಗೆ ಕೂರುತ್ತದೆ. ಗದ್ದಲವಂತೂ ಬಹಳ. ಮರಿ ಮಾಡುವ ಕಾಲದಲ್ಲಿ ಗಡಿಯ ವಿಚಾರಕ್ಕೆ ಜಗಳವಾದರೆ ಎರಡು ಹಕ್ಕಿಗಳು ನೀರಿನಲ್ಲಿ ಹಿಂದಕ್ಕೆ ವಾಲಿ ಕುಳಿತು, ಎದುರುಬದುರಾಗಿ ಕಾಲುಗಳಿಂದ ಒದ್ದಾಡುತ್ತವೆ. ಕಷ್ಟಪಟ್ಟು ತಳಕ್ಕೆ ಮುಳುಗಿ ಪಾಚಿಯನ್ನು ಮೇಲೆ ತಂದರೆ ಪಕ್ಕದಲ್ಲೇ ಕಾಯುತ್ತಿರುವ ಬಾತು ಅದನ್ನು ಕಸಿದುಕೊಳ್ಳುವುದೂ ಉಂಟು. ಇವನ್ನೆಲ್ಲ ಕಂಡ ಬೇಟೆಗಾರರೂ ಬೆಸ್ತರೂ ಈ ಹಕ್ಕಿಯನ್ನು ಸಿಡುಕಿನ, ಒಡ್ಡೊಡ್ಡಾದ, ತಲೆ ನೆಟ್ಟಗಿಲ್ಲದ ಪ್ರಾಣಿಯೆಂದು ಬಗೆದರು. ಮನುಷ್ಯರಲ್ಲಿ ಅಂಥವನೊಬ್ಬ ಕಂಡಾಗ ಹೆಸರು ಸಿದ್ಧವಾಗಿತ್ತು.

ಹಕ್ಕಿ ನಿಜವಾಗಿಯೂ ಪೆದ್ದೇ?

ಖಂಡಿತ ಅಲ್ಲ. ಈ ಮಾತನ್ನು ಒತ್ತಿ ಹೇಳುವುದಕ್ಕೆ ಗಟ್ಟಿಯಾದ ಆಧಾರಗಳಿವೆ. ಬ್ರೂಸ್ ಲಯನ್ ಎಂಬ ವಿಜ್ಞಾನಿ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಜೌಗು ಕೊಳಗಳಲ್ಲಿ ಅಮೆರಿಕದ ಕೂಟ್ ಹಕ್ಕಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಈ ಹಕ್ಕಿಗಳಲ್ಲಿ ಒಂದು ಹೆಣ್ಣು ನೆರೆಯ ಹೆಣ್ಣಿನ ಗೂಡಿನಲ್ಲಿ ಗುಟ್ಟಾಗಿ ಮೊಟ್ಟೆಯಿಟ್ಟು ಬರುವ ರೂಢಿಯಿದೆ. ಕೋಗಿಲೆ ಕಾಗೆಗೆ ಮಾಡುವುದನ್ನು ಇವು ತಮ್ಮ ಜಾತಿಯವಕ್ಕೇ ಮಾಡುತ್ತವೆ. ಮೋಸಕ್ಕೆ ಒಳಗಾದ ತಾಯಿ ಏನು ಮಾಡುತ್ತದೆ? 2003ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಹಲವು ತಾಯಂದಿರು ಬಣ್ಣ ಮತ್ತು ಚುಕ್ಕೆಗಳ ಸೂಕ್ಷ್ಮ ವ್ಯತ್ಯಾಸದಿಂದ ಪರರ ಮೊಟ್ಟೆಯನ್ನು ಗುರುತಿಸಿ, ಗೂಡಿನ ಹುಲ್ಲಿನೊಳಗೆ ಹೂತುಬಿಡುತ್ತವೆ ಅಥವಾ ಗೂಡಿನ ಅಂಚಿಗೆ ತಳ್ಳುತ್ತವೆ. ಅಷ್ಟೇ ಅಲ್ಲ, ಇನ್ನೆಷ್ಟು ಮೊಟ್ಟೆಯಿಡಬೇಕು ಎಂಬುದನ್ನು ತೀರ್ಮಾನಿಸುವಾಗ ಪರರ ಮೊಟ್ಟೆಗಳನ್ನು ಬಿಟ್ಟು ತಮ್ಮವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ನಿಸರ್ಗದಲ್ಲಿ ಸ್ವತಂತ್ರವಾಗಿ ಬದುಕುವ ಹಕ್ಕಿಯೊಂದು ತನ್ನ ಬಾಳಿನ ಅಗತ್ಯಕ್ಕಾಗಿಯೇ ಎಣಿಕೆ ಮಾಡುತ್ತದೆ ಎಂಬುದಕ್ಕೆ ಇದು ಅಪರೂಪದ ಸಾಕ್ಷಿ.

ಕಣ್ಣು ತಪ್ಪಿಸಿ ಉಳಿದ ಪರರ ಮೊಟ್ಟೆ ಮರಿಯಾದರೂ ಅಪಾಯ ಮುಗಿಯುವುದಿಲ್ಲ. ಡೈ ಶಿಜುಕಾ ಮತ್ತು ಲಯನ್ 2010ರಲ್ಲಿ ತೋರಿಸಿದಂತೆ, ಮೊದಲ ದಿನ ಒಡೆದು ಬಂದ ಮರಿಗಳನ್ನು ತಮ್ಮವೆಂದು ನೋಡಿ ಕಲಿಯುವ ತಂದೆತಾಯಿಗಳು, ಆಮೇಲೆ ಬರುವ ಮರಿಗಳನ್ನು ಆ ಮಾದರಿಗೆ ಹೋಲಿಸಿ ನೋಡಿ ಹೊರಗಿನವುಗಳನ್ನು ದೂರ ತಳ್ಳುತ್ತವೆ. ಮರಿಗಳ ರೂಪವೂ ವಿಶೇಷವಾದದ್ದು. ಹೆತ್ತವರು ಮಸಿಬಣ್ಣದವರಾದರೆ ಮರಿಗಳ ಕತ್ತಿನ ಸುತ್ತ ಉರಿಯುವ ಕೇಸರಿ ಬಣ್ಣದ ಎಳೆಗಳು, ತಲೆಯ ಮೇಲೆ ಕೆಂಪು ಚರ್ಮ. ನಿಜವಾದ ಬೋಳುತಲೆ ಇರುವುದು ಈ ಮರಿಗಳಿಗೆ. 1994ರ ಇನ್ನೊಂದು ಪ್ರಯೋಗದಲ್ಲಿ ಕೆಲವು ಮರಿಗಳ ಕೇಸರಿ ತುದಿಗಳನ್ನು ಕತ್ತರಿಸಿ ಅವು ಕಪ್ಪಾಗಿ ಕಾಣುವಂತೆ ಮಾಡಿದಾಗ, ಹೆತ್ತವರು ಕೇಸರಿ ಉಳಿದ ಮರಿಗಳಿಗೇ ಹೆಚ್ಚು ತಿನ್ನಿಸಿದವು.

ಇದೇ ಕುಲದ ಇನ್ನೊಂದು ಹಕ್ಕಿ, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಎತ್ತರದ ಸರೋವರಗಳಲ್ಲಿರುವ ಕೊಂಬಿನ ಕೂಟ್, ಒಂದೊಂದೇ ಕಲ್ಲನ್ನು ಕೊಕ್ಕಿನಲ್ಲಿ ತಂದು ನೀರೊಳಗೆ ಪೇರಿಸಿ, ಆ ದಿಬ್ಬದ ಮೇಲೆ ಗೂಡು ಕಟ್ಟುತ್ತದೆ. ಅಂಥ ದಿಬ್ಬದ ಕಲ್ಲುಗಳ ತೂಕ ಒಂದೂವರೆ ಟನ್ನಿನವರೆಗೂ ಇರಬಲ್ಲದು. ಹಟಮಾರಿ ಎಂದು ಬೇಕಾದರೆ ಕರೆಯೋಣ, ಪೆದ್ದು ಎನ್ನಲು ಸಾಧ್ಯವಿಲ್ಲ.

'ಲೂನ್' ಎಂಬುದೂ ಇದೇ ಬಗೆಯ ಮಾತೇ?

ಹೊರಗಿನಿಂದ ಒಂದೇ ಬಗೆ ಎನಿಸುತ್ತದೆ, ಒಳಗೆ ಕಥೆ ಬೇರೆ. ಲೂನ್ ಕೂಡ ನೀರುಹಕ್ಕಿ; ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಸರೋವರಗಳಲ್ಲಿ ಮುಳುಗಿ ಮೀನು ಹಿಡಿಯುವ ದೊಡ್ಡ ಹಕ್ಕಿ. 'ಲೂನ್‌ನಷ್ಟು ಹುಚ್ಚು' ಎಂಬ ಮಾತು ಅಮೆರಿಕದಲ್ಲಿ 19ನೇ ಶತಮಾನದಿಂದ ಬಳಕೆಯಲ್ಲಿದೆ. ರಾತ್ರಿಯ ಹೊತ್ತು ನೀರಿನ ಮೇಲೆ ಹಬ್ಬಿ ಬರುವ, ಹುಚ್ಚುನಗುವಿನಂತೆ ನಡುಗುವ ಅದರ ಕೂಗೇ ಅದಕ್ಕೆ ಕಾರಣ. ಆದರೆ ಇಲ್ಲಿ ಮೂರು ಬೇರೆ ಬೇರೆ ಪದಗಳು ಒಂದರ ಮೇಲೊಂದು ಬಿದ್ದಿವೆ. ಹಕ್ಕಿಯ ಹೆಸರು ಸ್ಕ್ಯಾಂಡಿನೇವಿಯದ ಭಾಷೆಗಳಿಂದ ಬಂದದ್ದು. ಪೋಕರಿ ಎಂಬರ್ಥದ 'ಲೂನ್' 15ನೇ ಶತಮಾನದಿಂದಲೇ ಇದ್ದ ಪದ, ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಹೆದರಿ ಬಿಳಿಚಿಕೊಂಡ ಸೇವಕನನ್ನು ಬೈಯುವುದು ಈ ಪದದಿಂದ. ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ ಇಂದಿಗೂ ಹುಡುಗನನ್ನು ಲೂನ್ ಎನ್ನುತ್ತಾರೆ, ಅದರಲ್ಲಿ ಬೈಗುಳವೇನೂ ಇಲ್ಲ. ಮೂರನೆಯದಾದ 'ಲೂನಿ' ಚಂದ್ರನ ಲ್ಯಾಟಿನ್ ಹೆಸರಾದ 'ಲೂನಾ'ದಿಂದ ಹುಟ್ಟಿದ, ಹುಚ್ಚ ಎಂಬರ್ಥದ 'ಲುನಾಟಿಕ್' ಪದದ ಮೊಟಕು. ಈ ಮೂರೂ ಬೆರೆತು ಇಂದಿನ ಅರ್ಥ ನಿಂತಿದೆ. ಕೂಟ್ ಪದದಲ್ಲಾದರೋ ಹಕ್ಕಿಯ ಹೆಸರೇ ನೇರವಾಗಿ ಮನುಷ್ಯನಿಗೆ ದಾಟಿತು. ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೂನ್ ದಿನನಿತ್ಯದ ಪರಿಚಯ: 1987ರಲ್ಲಿ ಬಂದ ಒಂದು ಡಾಲರ್ ನಾಣ್ಯದ ಮೇಲೆ ಅದರ ಚಿತ್ರವಿರುವುದರಿಂದ ನಾಣ್ಯವನ್ನೇ 'ಲೂನಿ' ಎನ್ನುತ್ತಾರೆ.

'ಕೂಟೀಸ್' ಎಂಬ ಮಕ್ಕಳ ಮಾತಿಗೂ ಈ ಹಕ್ಕಿಗೂ ಸಂಬಂಧವಿದೆಯೇ?

ಬಹುಶಃ ಇಲ್ಲ. ಮುಟ್ಟಿದರೆ ಅಂಟಿಕೊಳ್ಳುತ್ತದೆಂದು ಅಮೆರಿಕದ ಮಕ್ಕಳು ಆಟಕ್ಕೆ ಹೇಳುವ ಕಾಲ್ಪನಿಕ ಸೋಂಕು 'ಕೂಟೀಸ್'. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರು ಮೈಹೇನಿಗೆ ಕೊಟ್ಟ ಹೆಸರು ಅದು. ಮಲಯ ಭಾಷೆಯಲ್ಲಿ ಹೇನಿಗೆ 'ಕುತು' ಎನ್ನುತ್ತಾರೆ. ಅದರಿಂದಲೇ ಬಂದಿತೆಂಬ ವಿವರಣೆ ಹೆಚ್ಚು ಒಪ್ಪಿತವಾಗಿದೆ. ಹೇನು ತುಂಬಿದವನನ್ನು ಕೂಟ್ ಹಕ್ಕಿಗೆ ಹೋಲಿಸುವ ಹಳೆಯ ಮಾತೊಂದು ಇಂಗ್ಲಿಷಿನಲ್ಲಿ ಇದ್ದುದರಿಂದ ಎರಡನ್ನೂ ತಳುಕು ಹಾಕುವವರಿದ್ದಾರೆ.

ಕನ್ನಡದಲ್ಲಿ ನೀರುಹಕ್ಕಿಯ ಹೆಸರಿನಿಂದ ಮನುಷ್ಯರನ್ನು ಕರೆಯುವ ರೂಢಿ ಇಲ್ಲವೇ?

ಇದೆ, ಆದರೆ ತಿಕ್ಕಲುತನಕ್ಕಲ್ಲ. ನಮ್ಮ ಭಾಷೆಯಲ್ಲಿ ಆ ಪಾಲು ಬಂದಿರುವುದು ಕೊಕ್ಕರೆಗೆ, ಅದೂ ಕಪಟಕ್ಕಾಗಿ. ಒಂಟಿಕಾಲಿನ ಮೇಲೆ ಕಣ್ಮುಚ್ಚಿದಂತೆ ನಿಂತು ಮೀನು ಹತ್ತಿರ ಬರುವುದನ್ನೇ ಕಾಯುವ ಹಕ್ಕಿಯನ್ನು ನೋಡಿ 'ಬಕಧ್ಯಾನ' ಎಂಬ ಮಾತು ಹುಟ್ಟಿತು. ಭಕ್ತಿಯ ಸೋಗು ಹಾಕಿ ಹೊಂಚುವವನಿಗೆ ಅದು ಸಲ್ಲುತ್ತದೆ. ಪಂಚತಂತ್ರದಲ್ಲಿ ಕೆರೆ ಬತ್ತುತ್ತದೆಂದು ಹೆದರಿಸಿ ಮೀನುಗಳನ್ನು ಒಂದೊಂದಾಗಿ ಹೊತ್ತೊಯ್ದು ತಿಂದು, ಕೊನೆಗೆ ಏಡಿಯ ಕೈಯಲ್ಲಿ ಸತ್ತ ಬಕನ ಕಥೆ ಬಲ್ಲವರಿಗೆ ಈ ಮಾತಿನ ಚುಚ್ಚು ಚೆನ್ನಾಗಿ ತಿಳಿಯುತ್ತದೆ. ಹಾಲು ನೀರನ್ನು ಬೇರ್ಪಡಿಸುವ ಹಂಸ ವಿವೇಕಕ್ಕೆ ನಿಂತಿತು. ಪೆದ್ದುತನದ ಹೊರೆ ಬಿದ್ದಿರುವುದು ನೀರಿನಿಂದ ದೂರವಿರುವ ಗೂಬೆಯ ಮೇಲೆ. ಇಂಗ್ಲಿಷಿನಲ್ಲಿ ಅದೇ ಗೂಬೆ ಜ್ಞಾನಿಯೆನಿಸಿಕೊಂಡಿರುವುದನ್ನು ನೋಡಿದರೆ, ಹಕ್ಕಿಗಳಿಗೆ ನಾವು ಹಂಚುವ ಗುಣಗಳು ಅವುಗಳ ಗುಣಗಳಲ್ಲ ಎಂಬುದು ಸ್ಪಷ್ಟವಾಗುತ್ತದೆ.

'ಓಲ್ಡ್ ಕೂಟ್' ಎಂಬುದನ್ನು ಕನ್ನಡಕ್ಕೆ ಹೇಗೆ ತರಬೇಕು?

'ಮುದಿ ನಾಮದ ಕೋಳಿ' ಎಂದು ಮಾತ್ರ ಬರೆಯಬೇಡಿ. ಕನ್ನಡದ ಓದುಗನಿಗೆ ಅದರಿಂದ ಯಾವ ಮನುಷ್ಯನೂ ಕಾಣುವುದಿಲ್ಲ, 'ನಾಮ' ಎಂಬ ಪದ ಬೇರೆ ಕಡೆಗೆ ಮನಸ್ಸನ್ನು ಎಳೆಯುವ ಅಪಾಯವೂ ಇದೆ. 'ಮುದಿ ಗೂಬೆ' ಎಂದರೆ ಬೈಗುಳ ಮೂಲಕ್ಕಿಂತ ಒರಟಾಗುತ್ತದೆ. 'ಅರವತ್ತಕ್ಕೆ ಅರಳುಮರಳು' ಎಂಬ ನಮ್ಮ ಗಾದೆಯಲ್ಲಿರುವ ಅರಳುಮರಳು ಚೆಂದದ ಪದ, ಆದರೆ ಅದು ವಯಸ್ಸಿನಿಂದ ಬುದ್ಧಿ ಮಂಕಾದುದನ್ನು ಹೇಳುತ್ತದೆ. ಕೂಟ್‌ಗಾದರೋ ಬುದ್ಧಿ ಚುರುಕಾಗಿಯೇ ಇರುತ್ತದೆ, ಲೋಕದ ದಾರಿಗೆ ಹೊಂದುವುದಿಲ್ಲ ಅಷ್ಟೆ. ನನ್ನ ಅಭಿಪ್ರಾಯದಲ್ಲಿ 'ತಿಕ್ಕಲು ಮುದುಕ' ಎಂಬುದು ಬಹುಪಾಲು ಸಂದರ್ಭಗಳಿಗೆ ಒಪ್ಪುತ್ತದೆ. ಮೊಮ್ಮಗಳು ಪ್ರೀತಿಯಿಂದ ಹೇಳುವ ಮಾತಾದರೆ 'ನಮ್ಮಜ್ಜ ಸ್ವಲ್ಪ ತಿಕ್ಕಲು' ಎಂದರೆ ಸಾಕು. ಜಗಳದಲ್ಲಿ ಬಂದ ಮಾತಾದರೆ 'ತಲೆಕೆಟ್ಟ ಮುದುಕ' ಎನ್ನಬಹುದು. ಒಂದೇ ಕಾದಂಬರಿಯಲ್ಲಿ ಈ ಮಾತು ಹತ್ತು ಕಡೆ ಬಂದಿದ್ದರೆ ಹತ್ತು ಕಡೆಯೂ ಒಂದೇ ಪದವನ್ನು ಹಾಕುವ ಹಟ ಬೇಡ. ಆಡುವವರು ಯಾರು, ಆಡಿಸಿಕೊಳ್ಳುವವರು ಯಾರು ಎಂಬುದನ್ನು ನೋಡಿ ಬದಲಿಸುವುದೇ ಮೂಲಕ್ಕೆ ನಿಷ್ಠೆ.

ಕನ್ನಡ ಲಿಪಿಯಲ್ಲಿ 'ಕೂಟ್' ಎಂದೇ ಉಳಿಸಿಕೊಳ್ಳುವುದಾದರೆ ಅದರ ಮುಂದೆ 'ಹಕ್ಕಿ' ಎಂಬ ಪದವನ್ನು ಒಮ್ಮೆಯಾದರೂ ಸೇರಿಸಿ. ಇಲ್ಲವಾದರೆ ಸಭೆ ಎಂಬರ್ಥದ ನಮ್ಮ 'ಕೂಟ' ಓದುಗನ ಕಣ್ಣಿಗೆ ಅಡ್ಡ ಬರುತ್ತದೆ. ಊರೂರಲ್ಲಿ ಕನ್ನಡ ಕೂಟ ಕಟ್ಟಿಕೊಂಡಿರುವ ಅಮೆರಿಕದ ಕನ್ನಡಿಗರಿಗಂತೂ ಈ ಗೊಂದಲ ಇನ್ನೂ ಹತ್ತಿರದ್ದು.

ನಾನು ಅಮೆರಿಕದಲ್ಲಿದ್ದೇನೆ. ಯಾರಿಗಾದರೂ ಈ ಮಾತನ್ನು ಹೇಳಬಹುದೇ?

ಬಹಳ ಸಲಿಗೆಯವರಿಗೆ, ಅವರೇ ತಮ್ಮನ್ನು ಹಾಗೆ ಕರೆದುಕೊಳ್ಳುವವರಾದರೆ, ಹೇಳಬಹುದು. ಕಚೇರಿಯಲ್ಲಿ ಬೇಡ, ಅಲ್ಲಿ ಇದನ್ನು ವಯಸ್ಸನ್ನು ಹಿಡಿದು ಹಂಗಿಸಿದ ಮಾತೆಂದೇ ಪರಿಗಣಿಸುತ್ತಾರೆ.

ನಾಮದ ಕೋಳಿಯನ್ನು ನೋಡಲು ಎಲ್ಲಿಗೆ, ಯಾವಾಗ ಹೋಗಬೇಕು?

ಕರ್ನಾಟಕದಲ್ಲಿ ಇದು ವರ್ಷವಿಡೀ ಇರುವ ಹಕ್ಕಿ. ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆಗಾರರೂ ಸೇರಿ ಸಂಖ್ಯೆ ಹೆಚ್ಚುತ್ತದೆ. ಹಗಲಿನಲ್ಲಿ ಹಾರಲು ಅಷ್ಟು ತಿಣುಕುವ ಹಕ್ಕಿ ಈ ದೂರದ ಪಯಣವನ್ನು ರಾತ್ರಿಯ ಹೊತ್ತು ಹಾರಿ ಮುಗಿಸುತ್ತದೆ. ಬೆಂಗಳೂರಿನ ಹೆಬ್ಬಾಳ ಮತ್ತು ಮಡಿವಾಳ ಕೆರೆಗಳು, ಮೈಸೂರಿನ ಕುಕ್ಕರಹಳ್ಳಿ ಮತ್ತು ಲಿಂಗಾಂಬುಧಿ ಕೆರೆಗಳು, ಗದಗ ಜಿಲ್ಲೆಯ ಮಾಗಡಿ ಕೆರೆ ಇವು ನೋಡುವುದಕ್ಕೆ ಒಳ್ಳೆಯ ಜಾಗಗಳು. ನವೆಂಬರಿನಿಂದ ಫೆಬ್ರವರಿಯವರೆಗಿನ ಯಾವುದಾದರೂ ಬೆಳಿಗ್ಗೆ ಹೋಗಿ, ಜೊಂಡಿನಿಂದ ಆಚೆ ತೆರೆದ ನೀರಿನ ಕಡೆಗೆ ನೋಡಿ. ಅದರಂತೆಯೇ ಕಪ್ಪಗಿರುವ ಮೂರ್‌ಹೆನ್ ಎಂಬ ಹಕ್ಕಿಯೂ ಅಲ್ಲೇ ಇರಬಹುದು. ಅದರ ಹಣೆಯ ತಟ್ಟೆ ಕೆಂಪು, ಕೊಕ್ಕಿನ ತುದಿ ಹಳದಿ, ಅದು ಜೊಂಡನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ನಡುನೀರಿನಲ್ಲಿ ಗುಂಪಾಗಿ, ಪ್ರತಿ ತುಯ್ತಕ್ಕೂ ತಲೆಯಾಡಿಸುತ್ತ, ಹಣೆಯ ಮೇಲೆ ಬಿಳಿಯ ನಾಮ ಹೊಳೆಯಿಸುತ್ತ ಸಾಗುವುದು ನಾಮದ ಕೋಳಿ.